ನೀರು ಹೊತ್ತವರು ಕೊಟ್ಟ ಆಕಾರ: ಬಾತ್‌ಟಬ್ಬಿನ ಹಳೇ ಕಥೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆಯ ಹೋಂಸ್ಟೇ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತದೆ. ಕಾಫಿ ತೋಟ, ಮಂಜು, ದೊಡ್ಡ ಗಾಜಿನ ಕಿಟಕಿ. ಕಿಟಕಿಯ ಪಕ್ಕ ಮೊಟ್ಟೆಯನ್ನು ಅಡ್ಡ ಸೀಳಿಟ್ಟಂಥ ಬಿಳಿ ಬಾತ್‌ಟಬ್. ಅದು ಗೋಡೆಗೆ ಅಂಟಿಕೊಂಡಿರುವುದಿಲ್ಲ, ಕಟ್ಟೆಯೊಳಗೆ ಹೂತಿರುವುದೂ ಇಲ್ಲ. ಕೋಣೆಯ ನಡುವೆ ತೊಟ್ಟಿಲು ಇಟ್ಟ ಹಾಗೆ ಒಂಟಿಯಾಗಿ ನಿಂತಿರುತ್ತದೆ. ಅಂಗಡಿಯವರು ಇದನ್ನು ಫ್ರೀಸ್ಟ್ಯಾಂಡಿಂಗ್ ಟಬ್ ಅನ್ನುತ್ತಾರೆ.

ಇಂಥ ಟಬ್ ತುಂಬಲು ಸುಮಾರು 200 ಲೀಟರ್ ನೀರು ಬೇಕು, ದೊಡ್ಡದಾದರೆ ಇನ್ನೂ ಹೆಚ್ಚು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಕುಡಿಯುವುದು, ಅಡುಗೆ, ಪಾತ್ರೆ, ಬಟ್ಟೆ, ಸ್ನಾನ ಎಲ್ಲಾ ಅದರಲ್ಲೇ. ಅಂದರೆ ಒಬ್ಬ ಅತಿಥಿ ಒಂದು ಸಂಜೆ ಟಬ್ಬಿನಲ್ಲಿ ಮಲಗಿ ಎದ್ದರೆ ಹೆಚ್ಚುಕಡಿಮೆ ನಾಲ್ಕು ಜನರ ಒಂದು ದಿನದ ನೀರು ಹೋಯಿತು.

ಈಗ ಮಾರುಕಟ್ಟೆಯಲ್ಲಿ "ನೀರು ಉಳಿಸುವ ಸ್ಟೈಲಿಶ್ ಟಬ್" ಅಂತಲೂ ಬರುತ್ತಿದೆ. ನೀರು ಉಳಿಸಬೇಕು ಅನ್ನುವವರು ಟಬ್ ಯಾಕೆ ಕೊಳ್ಳುತ್ತಾರೆ ಎಂದು ನಾವೂ ನಕ್ಕೆವು. ಆದರೆ ಇದರ ಇತಿಹಾಸ ಕೆದಕುತ್ತಾ ಹೋದರೆ ಒಂದು ವಿಷಯ ಗೊತ್ತಾಗುತ್ತದೆ. ಒಂಟಿಯಾಗಿ ನಿಲ್ಲುವ ಟಬ್ ತನ್ನ ಆಯುಸ್ಸಿನ ಬಹುಪಾಲು ನೀರಿನ ವಿಷಯದಲ್ಲಿ ಮಹಾ ಜಿಪುಣನಾಗಿಯೇ ಬದುಕಿತ್ತು. ನಾವು ಇವತ್ತು ಚಂದ ಅನ್ನುವ ಅದರ ಕೆಲವು ತಿರುವುಗಳು ಆ ಜಿಪುಣತನದಿಂದಲೇ ಬಂದವು.

ಮೊದಲು ಸರಳವಾದ ಮಾತು. ಪೈಪ್ ಬರುವ ಮುಂಚೆ ಬಹುಪಾಲು ಮನೆಗಳ ಟಬ್ ಒಂಟಿಯಾಗಿ ನಿಲ್ಲುವಂಥದ್ದೇ. ಅಂಟಿಸಲಿಕ್ಕೆ ನಲ್ಲಿ ಇರಲಿಲ್ಲ, ಮೋರಿಯೂ ಇರಲಿಲ್ಲ. ಗ್ರೀಸ್ ದೇಶದ ಪೈಲೋಸ್ ಎಂಬಲ್ಲಿ ಕಾರ್ಲ್ ಬ್ಲೆಗನ್ ಎಂಬ ಪುರಾತತ್ವಜ್ಞ ಅಗೆದು ತೆಗೆದ ಅರಮನೆಯಲ್ಲಿ ಸುಮಾರು 3200 ವರ್ಷ ಹಳೆಯ ಸುಟ್ಟ ಮಣ್ಣಿನ ಟಬ್ ಸಿಕ್ಕಿದೆ. ಅದರ ಪಕ್ಕದಲ್ಲೇ ನೀರು ತುಂಬಿಡುವ ದೊಡ್ಡ ಮಡಕೆಗಳಿದ್ದವು. ಅರಮನೆಯಾದರೂ ನೀರನ್ನು ಯಾರೋ ಹೊತ್ತು ತರಲೇಬೇಕು, ಮೊಗೆದು ಸುರಿಯಲೇಬೇಕು.

ಈ ಹೊರುವ ಕೆಲಸ ಯುರೋಪಿನಲ್ಲಿ ಸಾವಿರಾರು ವರ್ಷ ಹಾಗೆಯೇ ನಡೆಯಿತು. 19ನೇ ಶತಮಾನದ ಇಂಗ್ಲೆಂಡಿನ ಉಳ್ಳವರ ಮನೆ ನೋಡಿ. ಅಡುಗೆಮನೆ ಕೆಳಗಡೆ, ಮಲಗುವ ಕೋಣೆ ಮೇಲಿನ ಮಹಡಿಯಲ್ಲಿ. ಬೆಳಿಗ್ಗೆ ಕೆಲಸದ ಹುಡುಗಿ ತಗಡಿನ ಟಬ್ಬನ್ನು ಕೋಣೆಯ ಅಗ್ಗಿಷ್ಟಿಕೆಯ ಮುಂದೆ ಇಡಬೇಕು. ಕೆಳಗೆ ಕಾಯಿಸಿದ ನೀರನ್ನು ಮುಚ್ಚಳದ ಕ್ಯಾನ್‌ಗಳಲ್ಲಿ ಹೊತ್ತು ತರಬೇಕು. ಯಜಮಾನರ ಸ್ನಾನ ಮುಗಿದ ಮೇಲೆ ಅಷ್ಟೂ ಕೊಳೆನೀರನ್ನು ತೋಡಿ ಕೆಳಗೆ ಒಯ್ಯಬೇಕು. 50 ಲೀಟರ್ ಎಂದೇ ಇಟ್ಟುಕೊಳ್ಳಿ. ಹತ್ತು ಲೀಟರಿನ ಪಾತ್ರೆಯಲ್ಲಿ ಐದು ಸಲ ಮೇಲೆ, ಐದು ಸಲ ಕೆಳಗೆ. ಅದೂ ಒಬ್ಬರ ಸ್ನಾನಕ್ಕೆ. ಸೊಂಟದ ಮೇಲೆ ಕೊಡ ಹೊತ್ತು ದಿಬ್ಬ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಟಬ್ ಮಾಡುವವರು ಕಡಿಮೆ ನೀರಿನಲ್ಲಿ ಕೆಲಸ ಮುಗಿಯುವ ಆಕಾರಗಳನ್ನು ಹುಡುಕಿದರು. ಒಂದು ಸ್ಪಂಜ್ ಬಾತ್. ಅಗಲವಾದ, ಆಳವಿಲ್ಲದ ತಟ್ಟೆ, ಅದರಲ್ಲಿ ನಿಂತು ಮೈ ಒರೆಸಿಕೊಳ್ಳುವುದು. ಇನ್ನೊಂದು ಹಿಪ್ ಬಾತ್. ಬೆನ್ನಿನ ಕಡೆ ಎತ್ತರ, ಮುಂದೆ ತಗ್ಗು, ಕುರ್ಚಿಯಂಥ ಆಕಾರ. ಸೊಂಟ ಮಾತ್ರ ನೀರಿನಲ್ಲಿ, ಕಾಲು ಹೊರಗೆ. ಇದನ್ನು ನೋಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ಜರ್ಮನಿಯ ಲೂಯಿಸ್ ಕೂನೆ ಈ ಹಿಪ್ ಬಾತನ್ನು ಚಿಕಿತ್ಸೆಯಾಗಿ ಬಳಸಿದ. ಅವನ ಪುಸ್ತಕ ಓದಿದ ಗಾಂಧೀಜಿ ಅದನ್ನು ತಮ್ಮ ಮೇಲೆಯೇ ಪ್ರಯೋಗಿಸಿದರು. ಹಾಗೆ ಅದು ಭಾರತದ ಪ್ರಕೃತಿ ಚಿಕಿತ್ಸೆಯೊಳಗೆ ಬಂತು. ನಮ್ಮ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಗಳಲ್ಲಿ "ಕಟಿಸ್ನಾನ" ಅಂತ ಕೂರಿಸುವ ತೊಟ್ಟಿಯ ಆಕಾರ ಅದೇ.

ಮೂರನೆಯದು ಎಲ್ಲಕ್ಕಿಂತ ಚಂದದ್ದು: ಸ್ಲಿಪ್ಪರ್ ಬಾತ್. ಹೆಸರೇ ಹೇಳುವಂತೆ ದೊಡ್ಡ ಬೂಟಿನ ಆಕಾರ. ಬೂಟಿನೊಳಗೆ ಕಾಲು ತೂರಿಸಿದ ಹಾಗೆ ಮನುಷ್ಯ ಅದರೊಳಗೆ ಇಳಿಯುತ್ತಾನೆ. ಕಾಲಿನ ಕಡೆ ಕಿರಿದು, ಮೇಲೆ ಮುಚ್ಚಿರುತ್ತದೆ. ಕಿರಿದಾದ್ದರಿಂದ ನೀರು ಕಡಿಮೆ ಸಾಕು, ಮುಚ್ಚಿದ್ದರಿಂದ ಬಿಸಿ ಬೇಗ ಆರುವುದಿಲ್ಲ. ಫ್ರಾನ್ಸಿನ ಕ್ರಾಂತಿಯ ಮುಖಂಡ ಮರಾ ಇಂಥ ಟಬ್ಬಿನಲ್ಲೇ ಸತ್ತದ್ದು. ಅವನಿಗೆ ಚರ್ಮದ ಕಾಯಿಲೆ. ಉರಿ ತಡೆಯಲಾರದೆ ಗಂಟೆಗಟ್ಟಲೆ ನೀರಿನಲ್ಲೇ ಕೂತು ಬರೆಯುತ್ತಿದ್ದ. 1793ರ ಜುಲೈ 13ರಂದು ಷಾರ್ಲೊಟ್ ಕೊರ್ಡೆ ಎಂಬ ಹೆಣ್ಣುಮಗಳು ಒಳಗೆ ಬಂದು ಚೂರಿ ಹಾಕಿದಳು. ಆ ಟಬ್ ಎಂದು ಹೇಳಲಾಗುವ ತಾಮ್ರದ ತೊಟ್ಟಿ ಪ್ಯಾರಿಸ್ಸಿನ ಗ್ರೆವಾಂ ಮ್ಯೂಸಿಯಂನಲ್ಲಿದೆ.

ಇವತ್ತು ಕ್ಯಾಟಲಾಗ್ ತೆರೆದರೆ ಅದೇ "ಸ್ಲಿಪ್ಪರ್" ಹೆಸರಿನಲ್ಲಿ ಬೆನ್ನಿನ ಕಡೆ ಎತ್ತರವಾದ ಒಂಟಿ ಟಬ್ ಸಿಗುತ್ತದೆ. ಹೆಸರು ಉಳಿದಿದೆ, ಬೆನ್ನಿನ ಬಾಗೂ ಉಳಿದಿದೆ. ನೀರು ಉಳಿಸುತ್ತಿದ್ದ ಕಿರಿದಾದ ಕಾಲಿನ ಭಾಗ, ಮೇಲಿನ ಮುಚ್ಚಿಗೆ ಎರಡೂ ಹೋಗಿವೆ. ಕಷ್ಟಕ್ಕೆ ಹುಟ್ಟಿದ್ದು ಸ್ಟೈಲ್ ಆಗುವಾಗ ಹೀಗೆ ಆಗುವುದುಂಟು.

ಉಳ್ಳವರ ಮನೆಯಲ್ಲಿ ಹೊರಲು ಆಳು ಇತ್ತು. ಬಡವರ ಮನೆಯಲ್ಲಿ ಹೆಂಡತಿಯೇ ಹೊರಬೇಕಿತ್ತು. ಬ್ರಿಟನ್ನಿನ ಕಲ್ಲಿದ್ದಲು ಗಣಿ ಊರುಗಳಲ್ಲಿ ಮನೆಯ ಗೋಡೆಯ ಮೊಳೆಗೆ ತಗಡಿನ ಟಬ್ ನೇತುಹಾಕಿರುತ್ತಿತ್ತು. ಗಂಡ, ಮಕ್ಕಳು ಮೈತುಂಬ ಮಸಿ ಬಳಿದುಕೊಂಡು ಬರುವ ಹೊತ್ತಿಗೆ ಅದನ್ನು ಒಲೆಯ ಮುಂದೆ ಇಳಿಸಿ ಬಿಸಿನೀರು ತುಂಬಬೇಕು. ಒಬ್ಬರಾದ ಮೇಲೆ ಒಬ್ಬರು ಅದೇ ನೀರಿನಲ್ಲಿ ಮೀಯುವುದು. ನೀರು ಉಳಿಯಿತೇನೋ ಸರಿ, ಆದರೆ ಅದರ ಬೆಲೆ ಯಾರು ಕೊಟ್ಟರು ಎಂಬುದು ಮುಖ್ಯ. 1919ರಲ್ಲಿ ಗಣಿಗಳ ಬಗ್ಗೆ ವಿಚಾರಣೆ ಮಾಡುತ್ತಿದ್ದ ಸ್ಯಾಂಕಿ ಆಯೋಗದ ಮುಂದೆ ವೇಲ್ಸ್‌ನ ಎಲಿಜಬೆತ್ ಆಂಡ್ರ್ಯೂಸ್ ಎಂಬ ಮಹಿಳೆ, ಇನ್ನಿಬ್ಬರು ಗಣಿ ಕಾರ್ಮಿಕರ ಹೆಂಡತಿಯರ ಜೊತೆ, ಸಾಕ್ಷಿ ಹೇಳಿದರು. ಬಿಸಿನೀರಿನ ಪಾತ್ರೆ, ಟಬ್ ಎತ್ತಿ ಇಳಿಸಿ ಹೆಂಗಸರ ಆರೋಗ್ಯ ಹಾಳಾಗುತ್ತಿದೆ, ದಿನ ತುಂಬುವ ಮೊದಲೇ ಹೆರಿಗೆಯಾಗುತ್ತಿದೆ ಎಂದು ವಿವರಿಸಿದರು. ಗಣಿಯ ಬಾಯಲ್ಲೇ ಸ್ನಾನಗೃಹ ಕಟ್ಟಿಕೊಡಿ ಎಂಬುದು ಅವರ ಬೇಡಿಕೆ. 1926ರ ಕಾನೂನು ಅದಕ್ಕಾಗಿ ಗಣಿ ರಾಯಧನದ ಮೇಲೆ ತೆರಿಗೆ ಹಾಕಿತು. ಆಮೇಲೆ ಗಣಿಗಳ ಪಕ್ಕ ಷವರ್ ಕೋಣೆಗಳು ಎದ್ದವು.

ನೀರು ಮಿತವಾಗಿ ಬಳಸುತ್ತಿದ್ದ ಹಿಂದಿನ ಕಾಲವನ್ನು ಹೊಗಳುವ ಲೇಖನಗಳು ಬಹಳ ಬರುತ್ತವೆ. ಆ ಮಿತವ್ಯಯ ಯಾರ ಸೊಂಟದ ಮೇಲೆ ನಿಂತಿತ್ತು ಎಂದು ಅವು ಹೇಳುವುದು ಕಡಿಮೆ. ಅದಕ್ಕೇ ಆಂಡ್ರ್ಯೂಸ್ ಅವರ ವಿಷಯ ಇಲ್ಲಿ ಸ್ವಲ್ಪ ವಿವರವಾಗಿ ಹೇಳಿದೆವು.

ಅಷ್ಟರಲ್ಲಿ ಎರಡು ಬದಲಾವಣೆಗಳು ಆಗಿದ್ದವು. ಒಂದು, ನಲ್ಲಿ ಮನೆಯೊಳಗೆ ಬಂತು. ಎರಡು, ಬಿಸಿನೀರು ಯಂತ್ರದಿಂದ ಬಂತು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರ ಮಾಡಿ, ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯ ಹೆಸರಿಟ್ಟ: ಗೀಸರ್. ನಮ್ಮ ಬಾಯಲ್ಲಿ ಇವತ್ತೂ ಇರುವ "ಗೀಜರ್" ಅದೇ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನ್ ಮೈಕೆಲ್ ಕೋಲರ್ ಎಂಬಾತ ರೈತರಿಗೆ ಬೇಕಾದ ಎರಕದ ಕಬ್ಬಿಣದ ಸಾಮಾನು ಮಾಡುತ್ತಿದ್ದ. 1883ರಲ್ಲಿ ಅವನು ದನಕರುಗಳಿಗೆ ನೀರು ಕುಡಿಸುವ, ಹಂದಿ ಸುಲಿಯುವಾಗ ಬಿಸಿನೀರಿನಲ್ಲಿ ಅದ್ದುವ ಕಬ್ಬಿಣದ ಬಾನಿಗೆ ಒಳಗಡೆ ಗಾಜಿನ ಪುಡಿ ಕರಗಿಸಿ ಬಿಳಿ ಲೇಪ ಕೊಟ್ಟು, ಅಡಿಗೆ ನಾಲ್ಕು ಕಾಲು ಜೋಡಿಸಿ, ಬಾತ್‌ಟಬ್ ಎಂದು ಮಾರಿದ. ಮೊದಲನೆಯದನ್ನು ಒಬ್ಬ ರೈತ ಒಂದು ಹಸು, 14 ಕೋಳಿ ಕೊಟ್ಟು ಕೊಂಡ ಎಂಬುದು ಆ ಕಂಪನಿ ಹೇಳಿಕೊಂಡು ಬಂದ ಕಥೆ. ಸಿನಿಮಾದಲ್ಲಿ ಕಾಣುವ ಕಾಲಿರುವ ರಾಜಠೀವಿಯ ಟಬ್ಬಿನ ಅಜ್ಜ ನಮ್ಮ ಕೊಟ್ಟಿಗೆಯ ಮುಂದಿನ ಕಲ್ಲುಬಾನಿಯ ದಾಯಾದಿ ಅನ್ನಬಹುದು.

ಬಾನಿಯಿಂದ ಬಂದ ಟಬ್ಬಿಗೂ ಬೂಟಿನಂಥ ಟಬ್ಬಿಗೂ ಒಂದು ವ್ಯತ್ಯಾಸವಿದೆ. ಬೂಟಿನ ಆಕಾರ ಮನುಷ್ಯನ ಮೈ ಅಳತೆಯದ್ದು. ಬಾನಿಯ ಆಕಾರ ಹಂದಿ, ಕುದುರೆಯ ಅಳತೆಯದ್ದು. ನೀರು ಹೊರುವ ಕಷ್ಟವಿಲ್ಲದ ಮೇಲೆ ಯಾರೂ ಅದನ್ನು ಪ್ರಶ್ನಿಸಲಿಲ್ಲ. ಎರಕದ ಕಬ್ಬಿಣಕ್ಕೆ ಇನ್ನೊಂದು ದೋಷ ಇತ್ತು. 150 ಕೆಜಿ ತೂಕದ ತಣ್ಣನೆಯ ಕಬ್ಬಿಣದ ಟಬ್ಬಿಗೆ 80 ಲೀಟರ್ ಬಿಸಿನೀರು ಸುರಿದರೆ, ಕಬ್ಬಿಣ ತಾನು ಬಿಸಿಯಾಗಲಿಕ್ಕೇ ನೀರಿನ ಶಾಖವನ್ನು ನಾಲ್ಕೈದು ಡಿಗ್ರಿ ಕಡಿಮೆ ಮಾಡಿಬಿಡುತ್ತದೆ. ಆಗ ಮತ್ತೆ ಬಿಸಿನೀರು ಬಿಡುತ್ತೇವೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಮನೆಗಳಲ್ಲಿ ಟಬ್ ಗೋಡೆಗೆ ಅಂಟಿಕೊಂಡಿತು. ಕಾಲಿನ ಸಂದಿಯಲ್ಲಿ ಕಸ ಗುಡಿಸುವ ತೊಂದರೆ ಇಲ್ಲ, ಜಾಗವೂ ಉಳಿತಾಯ. ಒಂಟಿ ಟಬ್ ಹಳೇ ಕಾಲದ್ದಾಯಿತು.

ನೀರಿನ ಅಳತೆ ಮತ್ತೆ ನೆನಪಿಗೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ. 1942ರಲ್ಲಿ ಬ್ರಿಟನ್ ಸರ್ಕಾರ ಜನರನ್ನು ಕೇಳಿಕೊಂಡಿತು: ಟಬ್ಬಿನಲ್ಲಿ ಐದು ಇಂಚಿಗಿಂತ ಹೆಚ್ಚು ನೀರು ತುಂಬಬೇಡಿ. ಐದು ಇಂಚು ಅಂದರೆ ಅರ್ಧ ಗೇಣಿಗಿಂತ ಒಂದಿಷ್ಟು ಜಾಸ್ತಿ. ಹೋಟೆಲುಗಳು ಟಬ್ಬಿನ ಪಕ್ಕ ಸೂಚನೆ ಹಾಕಿದವು. ರಾಜ ಆರನೇ ಜಾರ್ಜ್ ಬಕಿಂಗ್‌ಹ್ಯಾಮ್ ಅರಮನೆಯ ಟಬ್ಬುಗಳಿಗೂ ಗೆರೆ ಎಳೆಸಿದ. ಆ ವರ್ಷ ಅಕ್ಟೋಬರಿನಲ್ಲಿ ಅತಿಥಿಯಾಗಿ ಬಂದ ಅಮೆರಿಕ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ತಮ್ಮ ಟಬ್ಬಿನಲ್ಲಿ ಆ ಕಪ್ಪು ಗೆರೆಯನ್ನು ಕಂಡರು.

ಆದರೆ ಆ ಗೆರೆ ನೀರಿಗಾಗಿ ಎಳೆದದ್ದಲ್ಲ, ಕಲ್ಲಿದ್ದಲಿಗಾಗಿ. ಮನೆಯಲ್ಲಿ ನೀರು ಕಾಯಿಸಲು ಸುಡುವ ಇಂಧನ ಕಾರ್ಖಾನೆಗೆ ಬೇಕಿತ್ತು. ನಮ್ಮ ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ, ಐದು ಇಂಚಿನ ಸುಮಾರು 80 ಲೀಟರನ್ನು 25 ಡಿಗ್ರಿ ಬಿಸಿ ಏರಿಸಲು ಎರಡೂಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು. 200 ಲೀಟರಿಗೆ ಆರು ಯೂನಿಟ್‌ಗೆ ಹತ್ತಿರ. ನೀರು ಉಳಿಸುವ ಟಬ್ ಅಂದರೆ ಸೌದೆ, ಕರೆಂಟು ಉಳಿಸುವ ಟಬ್ ಕೂಡ ಹೌದು. ಹಂಡೆ ಒಲೆಗೆ ಸೌದೆ ಸೀಳಿದವರಿಗೆ ಇದು ಹೊಸ ಮಾತಲ್ಲ.

ಹಂಡೆ ಅಂದ ಮೇಲೆ ಜಪಾನಿನ ವಿಷಯ ಹೇಳದೆ ಮುಂದೆ ಹೋಗಲಾಗದು. ಅಲ್ಲಿ ಗೊಎಮೊನ್‌ಬುರೊ ಎಂಬ ಹಳೇ ಟಬ್ ಇದೆ. ನೋಡಲು ಥೇಟ್ ನಮ್ಮ ಬಚ್ಚಲ ಹಂಡೆ. ಕಬ್ಬಿಣದ ದೊಡ್ಡ ಕಡಾಯಿ, ಕೆಳಗೆ ಬೆಂಕಿ. ವ್ಯತ್ಯಾಸ ಇಷ್ಟೇ: ನಾವು ಹಂಡೆಯಿಂದ ನೀರು ತೋಡಿಕೊಳ್ಳುತ್ತೇವೆ, ಅವರು ಹಂಡೆಯೊಳಗೇ ಇಳಿಯುತ್ತಾರೆ! ಅಂಗಾಲು ಸುಡಬಾರದೆಂದು ನೀರಿನ ಮೇಲೆ ತೇಲುವ ಮರದ ಹಲಗೆಯ ಮೇಲೆ ಕಾಲಿಟ್ಟು ಒತ್ತಿಕೊಂಡು ಕೂರುತ್ತಾರೆ. 1594ರಲ್ಲಿ ಕುದಿಯುವ ಕಡಾಯಿಗೆ ಹಾಕಿ ಕೊಲ್ಲಲಾದ ಇಷಿಕಾವಾ ಗೊಎಮೊನ್ ಎಂಬ ಕಳ್ಳನ ಹೆಸರೇ ಇದಕ್ಕೆ. 1802ರಿಂದ ಬರತೊಡಗಿದ ಜಿಪ್ಪೆನ್‌ಷಾ ಇಕ್ಕು ಎಂಬವನ ನಗೆ ಪ್ರವಾಸ ಕಥೆಯಲ್ಲಿ, ಹಲಗೆಯ ಉಪಯೋಗ ಗೊತ್ತಿಲ್ಲದ ಪ್ರಯಾಣಿಕ ಮರದ ಚಪ್ಪಲಿ ಹಾಕಿಕೊಂಡೇ ಇಳಿದು ಕಡಾಯಿಯ ತಳ ಒಡೆಯುತ್ತಾನೆ.

ಜಪಾನಿನ ಮರದ ಟಬ್ಬುಗಳೂ ಉದ್ದವಿಲ್ಲ, ಆಳ ಹೆಚ್ಚು. ಮಂಡಿ ಮಡಚಿ ಕೂತರೆ ಕುತ್ತಿಗೆಯವರೆಗೆ ನೀರು. ಅದಕ್ಕಿಂತ ಮುಖ್ಯವಾದದ್ದು ಅವರ ಪದ್ಧತಿ. ಟಬ್ಬಿನ ಹೊರಗೆ ಸಣ್ಣ ಸ್ಟೂಲ್ ಮೇಲೆ ಕೂತು, ತಂಬಿಗೆಯಲ್ಲಿ ಸುರಿದುಕೊಂಡು, ಸೋಪು ಹಾಕಿ ತೊಳೆದುಕೊಂಡ ಮೇಲೆಯೇ ಒಳಗೆ ಇಳಿಯುವುದು. ಟಬ್ಬಿನ ನೀರು ಕೊಳೆಯಾಗುವುದಿಲ್ಲ, ಮನೆಮಂದಿಯೆಲ್ಲ ಅದನ್ನೇ ಬಳಸುತ್ತಾರೆ. ನಡುವೆ ಮುಚ್ಚಳ ಹಾಕಿ ಬಿಸಿ ಕಾಯುತ್ತಾರೆ. ಟಬ್ಬಿನಲ್ಲಿ 200 ಲೀಟರ್ ಇದ್ದರೂ ನಾಲ್ಕು ಜನರಿಗೆ ಹಂಚಿದರೆ ತಲೆಗೆ 50. ಗಣಿಯೂರಿನವರೂ ನೀರು ಹಂಚಿಕೊಂಡರು, ಇವರೂ ಹಂಚಿಕೊಂಡರು. ಆದರೆ ಕಡೆಯವನ ಪಾಲಿಗೆ ಬಂದ ನೀರು ಎರಡೂ ಕಡೆ ಒಂದೇ ಥರ ಇರಲಿಲ್ಲ.

ನಮ್ಮ ಕಡೆ ಮೈ ಮುಳುಗಿಸುವುದು ಹೊಳೆ, ಕೆರೆ, ಕಲ್ಯಾಣಿಯಲ್ಲಿ. ಮನೆಯಲ್ಲಿ ಸುರಿದುಕೊಳ್ಳುವುದೇ ರೂಢಿ. ದೀಪಾವಳಿಗೆ ಮೊದಲು ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಬಳ್ಳಿ ಸುತ್ತಿ ಪೂಜಿಸುತ್ತೇವೆ. ಸಾಮಾನ್ಯ ದಿನ ಒಂದು ಬಕೆಟ್, 15ರಿಂದ 20 ಲೀಟರಿನಲ್ಲಿ ಸ್ನಾನ ಮುಗಿಯುತ್ತದೆ. ಬಾಣಂತಿ ಸ್ನಾನದ ಲೆಕ್ಕ ಬೇರೆ, ಅದನ್ನು ಕೇಳಲು ಯಾರಿಗೂ ಧೈರ್ಯ ಬಂದಿಲ್ಲ. ಆದ್ದರಿಂದ ಒಂದು ಮಾತು ನೇರವಾಗಿ ಹೇಳುತ್ತೇವೆ: ಯಾವ ಟಬ್ಬೂ ಬಕೆಟ್ಟಿಗಿಂತ ನೀರು ಉಳಿಸುವುದಿಲ್ಲ. ಅದು ಉಳಿಸುವುದು ಇನ್ನೊಂದು ಟಬ್ಬಿಗಿಂತ ಮಾತ್ರ.

ಹಾಗಿದ್ದರೂ ಟಬ್ ಮಾಡುವವರು ಇದ್ದಾರೆ, ಹಾಕಿಸುವವರೂ ಇದ್ದಾರೆ. ಒಂಟಿ ಟಬ್ ಮತ್ತೆ ಫ್ಯಾಷನ್ ಆಗಿ ಬಂದ ಕಾಲಕ್ಕೆ ನೀರಿನ ನಿಯಮಗಳೂ ಬಿಗಿಯಾದವು. ಬ್ರಿಟನ್ನಿನ 1999ರ ನಿಯಮದಂತೆ 230 ಲೀಟರಿಗಿಂತ ದೊಡ್ಡ ಟಬ್ ಕೂರಿಸುವ ಮುಂಚೆ ನೀರು ಪೂರೈಸುವ ಸಂಸ್ಥೆಗೆ ತಿಳಿಸಬೇಕು. ಇಂಗ್ಲೆಂಡಿನಲ್ಲಿ 2010ರಿಂದ ಹೊಸ ಮನೆಗಳನ್ನು ಒಬ್ಬರಿಗೆ ದಿನಕ್ಕೆ 125 ಲೀಟರ್ ಲೆಕ್ಕದಲ್ಲಿ ಕಟ್ಟಬೇಕು. ಆಗ ವಿನ್ಯಾಸಕಾರರು ಹಳೇ ಬೂಟಿನ ಪಾಠಕ್ಕೇ ಮರಳಬೇಕಾಯಿತು.

ಆ ಪಾಠ ಹೈಸ್ಕೂಲಿನಲ್ಲಿ ಓದಿದ ಆರ್ಕಿಮಿಡೀಸನದ್ದೇ. ಮೈ ನೀರಿಗಿಳಿದರೆ ಅಷ್ಟೇ ಜಾಗದ ನೀರು ಮೇಲೇರುತ್ತದೆ. ಟಬ್ಬಿನ ಒಳಗಿನ ಜಾಗದಲ್ಲಿ ಮೈ ತುಂಬಿದ್ದು ಕಳೆದರೆ ಉಳಿದದ್ದೇ ನಲ್ಲಿಯಿಂದ ಬರಬೇಕಾದ ನೀರು. ಒರಟು ಲೆಕ್ಕ ಹಾಕೋಣ. ಒಳಗೆ 120 ಸೆಂ.ಮೀ ಉದ್ದ, 50 ಅಗಲ, 30 ಆಳ ನೀರು ಅಂದರೆ 180 ಲೀಟರ್. ಮುಳುಗಿದ ಮೈ 50 ಲೀಟರ್ ಎಂದರೆ ಬೇಕಾದ ನೀರು 130. ಕಾಲಿನ ಕಡೆ ಅಗಲವನ್ನು 35ಕ್ಕೆ ಇಳಿಸಿದರೆ 103 ಸಾಕು. ಹೆಚ್ಚಾದ ನೀರು ಹೊರಹೋಗುವ ತೂತನ್ನು ಐದು ಸೆಂ.ಮೀ ಕೆಳಗೆ ಕೊರೆದರೆ 80ರ ಆಸುಪಾಸು. ಯುದ್ಧಕಾಲದ ಕಪ್ಪು ಗೆರೆ ಈಗ ತೂತಾಗಿದೆ ಅನ್ನಿ. ಮರೆತು ನಲ್ಲಿ ಬಿಟ್ಟರೂ ಅದಕ್ಕಿಂತ ಮೇಲೆ ನೀರು ನಿಲ್ಲದು.

ಹೊರಗಿನ ಚಂದಕ್ಕೆ ಇದರಿಂದ ಧಕ್ಕೆ ಇಲ್ಲ. ಒಂಟಿ ಟಬ್ಬಿಗೆ ಎರಡು ಪದರ ಇರಬಹುದು: ಹೊರಗೆ ದುಂಡನೆಯ ದೊಡ್ಡ ಮೊಟ್ಟೆ, ಒಳಗೆ ಮೈಗೆ ತಕ್ಕ ಕಿರಿದಾದ ಬೂಟು. ನಡುವಿನ ಗಾಳಿ ಅಥವಾ ಫೋಮ್ ಬಿಸಿಯನ್ನು ಹಿಡಿದಿಡುತ್ತದೆ, ಮತ್ತೆ ಮತ್ತೆ ಬಿಸಿನೀರು ಬಿಡುವುದು ತಪ್ಪುತ್ತದೆ. ಅಕ್ರಿಲಿಕ್ ಆದರೆ ಕಬ್ಬಿಣದಂತೆ ಶಾಖ ಕುಡಿಯುವುದೂ ಇಲ್ಲ. ಕ್ಯಾಟಲಾಗಿನ ಲೀಟರ್ ಅಂಕಿ ನೋಡುವಾಗ ಮಾತ್ರ ಹುಷಾರು. ಯುರೋಪಿನ ಕೆಲವು ತಯಾರಕರು ಒಬ್ಬ ಮನುಷ್ಯನ 70 ಲೀಟರ್ ಕಳೆದು ಬರೆಯುತ್ತಾರೆ, ಇನ್ನು ಕೆಲವರು ಕಳೆಯದೆ ಬರೆಯುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ.

ಇನ್ನು ಸ್ನಾನ ಆದ ಮೇಲಿನ ನೀರು. ಜಪಾನಿನಲ್ಲಿ ಟಬ್ಬಿನ ನೀರನ್ನು ಎಳೆದುಕೊಳ್ಳುವ ಸಣ್ಣ ಪಂಪು, ಪೈಪು ಇರುವ ವಾಷಿಂಗ್ ಮಷಿನ್‌ಗಳೇ ಸಿಗುತ್ತವೆ. ರಾತ್ರಿಯ ಸ್ನಾನದ ನೀರು ಬೆಳಿಗ್ಗೆ ಬಟ್ಟೆಗೆ. ನಮ್ಮ ಮಲೆನಾಡು, ಕರಾವಳಿಯ ಹಳೇ ಬಚ್ಚಲಿನ ಮೋರಿ ಹಿತ್ತಿಲಿನ ಬಾಳೆ, ಕೆಸು, ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಹೋಂಸ್ಟೇ ಟಬ್ಬಿನ 80 ಲೀಟರೂ ಹಾಗೆ ತೋಟ ಸೇರಬಹುದು. ಅದಕ್ಕೆ ಟಬ್ಬಿನ ತಳ ತೋಟಕ್ಕಿಂತ ಎತ್ತರದಲ್ಲಿರಬೇಕು, ಅದರ ಪೈಪು ಶೌಚಾಲಯದ ಪೈಪಿಗೆ ಸೇರಬಾರದು. ಇದನ್ನು ಮೇಸ್ತ್ರಿಗೆ ನೆಲ ಹಾಕುವ ಮೊದಲೇ ಹೇಳಬೇಕು. ಒಂಟಿ ಟಬ್ಬಿನ ಪೈಪು ನೆಲದೊಳಗೆ ಹೂತಿರುತ್ತದೆ, ಆಮೇಲೆ ನೆನಪಾದರೆ ಟೈಲ್ಸ್ ಒಡೆಸಬೇಕಾಗುತ್ತದೆ.